ಬಾಡಿಗೆ ಮನೆ: ಹೆಸರು ನಿಮ್ಮದು, ತೆರಿಗೆ ಯಾರದು?



ಮನೆಯ ಮೇಲೊಂದು ಮಹಡಿ ಕಟ್ಟಿಸಿ ಬಾಡಿಗೆಗೆ ಕೊಡುವ ಆಸೆ ನಮ್ಮಲ್ಲಿ ಯಾರಿಗಿಲ್ಲ? ‘ಕ್ರಯಪತ್ರ ನನ್ನ ಹೆಸರಲ್ಲಿದೆ, ನನಗೆ ಬೇರೆ ಆದಾಯವಿಲ್ಲ, ಇನ್ನೆಲ್ಲಿಯ ತೆರಿಗೆ?’ ಅಂತ ನಿಶ್ಚಿಂತರಾಗಿರುವವರು ಬಹಳ ಮಂದಿ. ಎಡವುವುದು ಇಲ್ಲೇ. ಹೆಸರು ಯಾರದು ಎಂಬುದರ ಜೊತೆಗೆ, ಹಣ ಯಾರದು ಎಂದೂ ಆದಾಯ ತೆರಿಗೆ ಕಾನೂನು ಕೇಳುತ್ತದೆ. ಪೂರ್ತಿ ಹಣ ಯಜಮಾನರದಾದರೆ, ಬಾಡಿಗೆ ನಿಮ್ಮ ಕೈಗೇ ಬಂದರೂ ತೆರಿಗೆಯ ಲೆಕ್ಕದಲ್ಲಿ ಅದು ಅವರ ಆದಾಯ. ನಿಮ್ಮ ಸಂಬಳವನ್ನೋ ತೌರಿನವರು ಕೊಟ್ಟ ಹಣವನ್ನೋ ಹಾಕಿದ್ದರೆ ಅಷ್ಟರ ಮಟ್ಟಿಗೆ ಆದಾಯ ನಿಮ್ಮದು. ತಂದೆ ತಾಯಿ ಉಡುಗೊರೆಯಾಗಿ ಕೊಟ್ಟ ಹಣಕ್ಕೆ ತೆರಿಗೆಯಿಲ್ಲ. ಆದರೆ ಅದು ಬ್ಯಾಂಕಿನ ಮೂಲಕವೇ ಬರಲಿ, ಕೊಟ್ಟದ್ದಕ್ಕೆ ಒಂದು ಪತ್ರವೂ ಇರಲಿ.

ಇನ್ನು ಲೆಕ್ಕಕ್ಕೆ ಬನ್ನಿ. ತಿಂಗಳಿಗೆ 12,000 ರೂಪಾಯಿ ಬಾಡಿಗೆ ಎಂದರೆ ವರ್ಷಕ್ಕೆ 1,44,000. ಆ ವರ್ಷ ನೀವು ಕಟ್ಟಿದ ಮನೆ ಕಂದಾಯ 4,000 ಕಳೆಯಿರಿ, ಉಳಿದದ್ದು 1,40,000. ಅದರಲ್ಲಿ ಶೇಕಡಾ 30, ಅಂದರೆ 42,000 ರೂಪಾಯಿ, ರಿಪೇರಿ ಮುಂತಾದ ಖರ್ಚಿಗೆಂದು ತಾನಾಗಿ ಬಿಟ್ಟುಹೋಗುತ್ತದೆ. ಸುಣ್ಣಬಣ್ಣದ ಬಿಲ್ಲು ಬೇರೆ ತೋರಿಸಬೇಕಿಲ್ಲ, ತೋರಿಸಿದರೂ ಹೆಚ್ಚು ಸಿಗದು. ಲೆಕ್ಕಕ್ಕೆ ಬರುವ ಆದಾಯ 98,000 ಮಾತ್ರ. ಮನೆ ಸಾಲವಿದ್ದರೆ ಇದರಲ್ಲಿ ಬಡ್ಡಿಯನ್ನೂ ಕಳೆಯಬಹುದು, ಅಸಲನ್ನಲ್ಲ. ಕಂದಾಯ ಬಾಕಿ ಉಳಿಸಿಕೊಂಡರೆ ಅದನ್ನು ಕಳೆಯುವಂತಿಲ್ಲ, ನೆನಪಿರಲಿ. ಬಾಡಿಗೆದಾರರಿಗೆ ಹಿಂದಿರುಗಿಸಬೇಕಾದ ಅಡ್ವಾನ್ಸ್ ಆದಾಯವಲ್ಲ.

ಮುಂದೆ ಮಾರುವ ಸಂದರ್ಭ ಬಂದೀತು. ಕೊಂಡು ಎರಡು ವರ್ಷದೊಳಗೆ ಮಾರಿದರೆ ಬಂದ ಲಾಭ ಮಾಮೂಲಿ ಆದಾಯದ ಜೊತೆ ಸೇರುತ್ತದೆ. ಎರಡು ವರ್ಷ ದಾಟಿದ್ದರೆ ಲಾಭದ ಮೇಲೆ ಶೇಕಡಾ 12.5 ತೆರಿಗೆ. 2024ರ ಜುಲೈ 23ಕ್ಕೆ ಮುಂಚೆ ಕೊಂಡದ್ದಾದರೆ, ಬೆಲೆಯೇರಿಕೆಯನ್ನು ಹಿಡಿದು ಶೇಕಡಾ 20ರಂತೆ ಲೆಕ್ಕ ಹಾಕುವ ದಾರಿಯೂ ಉಂಟು. ಎರಡನ್ನೂ ಹಾಕಿಸಿ ನೋಡಿ, ಯಾವುದು ಕಡಿಮೆಯೋ ಅದನ್ನು ಹಿಡಿಯಿರಿ. ಮುಂಗಡವನ್ನು ಮಾತ್ರ 20,000 ರೂಪಾಯಿ ಅಥವಾ ಮೇಲ್ಪಟ್ಟು ನಗದಾಗಿ ತೆಗೆದುಕೊಳ್ಳಬೇಡಿ. ತೆಗೆದುಕೊಂಡಷ್ಟೇ ದಂಡ ಬೀಳಬಹುದು.

ಈ ಭಾನುವಾರ ಒಂದು ರಟ್ಟಿನ ಫೈಲು ಮಾಡಿ. ಕ್ರಯಪತ್ರ, ನೋಂದಣಿ ಖರ್ಚಿನ ರಸೀದಿ, ಮನೆ ಕಟ್ಟಿದ ಬಿಲ್ಲು, ಕಂದಾಯದ ರಸೀದಿ, ಬ್ಯಾಂಕ್ ಪಾಸ್‌ಬುಕ್ಕಿನ ನಕಲು, ಎಲ್ಲವೂ ಅದರಲ್ಲಿರಲಿ. ‘ನಿಮ್ಮ ಪಾಲಿನ ಹಣ ಎಷ್ಟು?’ ಅಂತ ನಾಳೆ ಯಾರೇ ಕೇಳಿದರೂ, ತೆರಿಗೆಯವರಾಗಲಿ ಮನೆಯವರಾಗಲಿ, ನಿಮ್ಮ ಪರವಾಗಿ ಮಾತಾಡುವುದು ಆ ಫೈಲೇ.