ಪೇಜ್‌ಮೇಕರ್ ಹೋಯಿತು, ಫೈಲು ಉಳಿಯಿತು

ಕನ್ನಡ ಪ್ರಕಾಶಕರ ಹಳೆಯ ಸಿ.ಡಿ.ಗಳಲ್ಲಿ ಪಿಎಂಡಿ ಎಂಬ ಬಾಲವಿರುವ ಫೈಲುಗಳು ರಾಶಿ ಬಿದ್ದಿವೆ. ಡಬಲ್ ಕ್ಲಿಕ್ ಮಾಡಿದರೆ ಯಾವುದರಲ್ಲಿ ತೆರೆಯಲಿ ಎಂದು ವಿಂಡೋಸ್ ತಿರುಗಿ ಕೇಳುತ್ತದೆ. ಅವು ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್‌ನ ಫೈಲುಗಳು. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಆಮೇಲೆ ಅಡೋಬಿ ಅದರ ಕೈಬಿಟ್ಟಿತು. ನಮ್ಮ ಡಿಟಿಪಿ ಅಂಗಡಿಗಳು ಬಿಡಲಿಲ್ಲ.

ಇಂಥ ಹೊತ್ತಿನಲ್ಲಿ ಬಾಲ ಬದಲಿಸಿ ನೋಡುವವರು ಬಹಳ. ಹೆಸರು ತಿದ್ದಿದ ಮಾತ್ರಕ್ಕೆ ಒಳಗಿನದು ವರ್ಡ್ ಆಗುವುದಿಲ್ಲ. ಫೈಲಿನ ನಿಜವಾದ ಗುರುತು ಸಾಮಾನ್ಯವಾಗಿ ಅದರ ಮೊದಲ ಕೆಲವು ಬೈಟುಗಳಲ್ಲಿರುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದಾಗ ಶುರುವಿನಲ್ಲೇ 'ಪಿಡಿಎಫ್' ಎಂದಿದ್ದರೆ ಅದು ಪಿಡಿಎಫ್. 'ಪಿಕೆ' ಎಂದಿದ್ದರೆ ಜಿಪ್ ಕಂತೆ. ಇಂದಿನ ವರ್ಡ್, ಎಕ್ಸೆಲ್ ಫೈಲುಗಳೂ ಒಳಗೆ ಜಿಪ್ಪೇ. ಆ ಎರಡಕ್ಷರ ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಇನಿಷಿಯಲ್ಲು! ನೋಡಿಯಾದ ಮೇಲೆ ಸೇವ್ ಮಾತ್ರ ಒತ್ತಬಾರದು.

ಪಿಎಂಡಿಗೆ ಉಚಿತ ಲಿಬ್ರೆಆಫೀಸ್ ಪ್ರಯತ್ನಿಸಬಹುದು, 2015ರ 4.4 ಆವೃತ್ತಿಯಿಂದ ಅದಕ್ಕೆ ಪೇಜ್‌ಮೇಕರ್ ಫೈಲು ಓದಲು ಬರುತ್ತದೆ. ಪುಟ ತೆರೆದರೂ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣಬಹುದು. ಫೈಲು ಕೆಟ್ಟಿದೆ ಎಂದೇನಲ್ಲ. ಅಕ್ಷರ ಜೋಡಿಸಿದ್ದು ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲೋ ಶ್ರೀಲಿಪಿಯಲ್ಲೋ ಇರಬೇಕು. ಅದೇ ಫಾಂಟು ಹಾಕಿದರೆ ಕನ್ನಡ ಮೂಡುತ್ತದೆ. ಬಳಿಕ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಒಂದೊಂದಾಗಿ ಪರಿಶೀಲಿಸಬೇಕು.

ಈ ತಾಪತ್ರಯವನ್ನು ಓದುಗರ, ಪ್ರಕಾಶಕರ ತಲೆಗೆ ಕಟ್ಟುವುದು ನ್ಯಾಯವಲ್ಲ. ಪುಸ್ತಕಕ್ಕೆ ಸರ್ಕಾರದ ಸಹಾಯಧನ ಕೊಡುವಾಗ ಮುದ್ರಿತ ಪ್ರತಿಯ ಜೊತೆ ಯೂನಿಕೋಡ್ ಪಠ್ಯವನ್ನೂ ಕಡ್ಡಾಯವಾಗಿ ಪಡೆಯಬೇಕು.