ಲೆಕ್ಕ ಇಲ್ಲದ ಡೀಸೆಲ್

ಫೆಸ್ಟ್‌ಗೆ ಜನರೇಟರ್ ತರಿಸಿದ್ರೆ, ಡೀಸೆಲ್ ಬಿಲ್ ಇಲ್ಲದೆ ನಮಗೆ ಒಂದು ರೂಪಾಯಿನೂ ವಾಪಸ್ ಬರಲ್ಲ. ಅಫ್ಘಾನ್ ಸೇನೆಗೆ ಅಮೆರಿಕ ಕೊಡಿಸಿದ ಇಂಧನದ ಕಥೆ ನೋಡಿ. 2006ರ ಅಕ್ಟೋಬರ್‌ನಿಂದ 2011ರ ಫೆಬ್ರವರಿವರೆಗಿನ ಸುಮಾರು 47.5 ಕೋಟಿ ಡಾಲರ್ ಪಾವತಿಯ ದಾಖಲೆಗಳೇ ಸಿಗಲಿಲ್ಲ ಅಂತ ಅಮೆರಿಕದ್ದೇ ತಪಾಸಣಾ ಸಂಸ್ಥೆ ಸಿಗಾರ್ 2012ರಲ್ಲಿ ವರದಿ ಮಾಡಿತು. ಎಷ್ಟು ಇಂಧನ ಬೇಕು ಅನ್ನೋ ಅಂದಾಜಿಗೂ ಗಟ್ಟಿ ಆಧಾರ ಇರಲಿಲ್ಲ.

ಯುದ್ಧದ ಗಡಿಬಿಡೀಲಿ ಲೆಕ್ಕ ಯಾರು ಬರೀತಾರೆ ಅಂತ ಕೆಲವರು ಕೇಳಬಹುದು. ನಾವು ಒಪ್ಪಲ್ಲ. ಡೀಸೆಲ್ ಕಳುವಾದರೆ ಟ್ರಕ್ ಹೊರಡಲ್ಲ, ದೂರದ ಚೆಕ್‌ಪೋಸ್ಟ್‌ನ ಸಿಪಾಯಿ ಒಂಟಿಯಾಗ್ತಾನೆ. ಟ್ಯಾಂಕಿಗೆ ಬಂದದ್ದು, ಹೋದದ್ದು, ಉಳಿದದ್ದು ತಾಳೆ ಆಗಬೇಕು. ನಾವು ಕ್ಲಾಸಲ್ಲಿ ಕಲಿತದ್ದೂ ಇದೇ ಅಲ್ವಾ? ನಾಳೆ ಇಂಥ ರಿಜಿಸ್ಟರ್‌ಗೆ ಸಹಿ ಹಾಕೋರು ನಾವೇ. ಮೀಟರ್ ನೋಡದೆ ಹಾಕೋದು ಬೇಡ.