ಅಪಘಾತದ ತನಿಖೆ: ಸಮಿತಿಯಲ್ಲಿ ಯಾರಿರಬೇಕು?

ಹೊಸಪೇಟೆಯಿಂದ ಬಳ್ಳಾರಿ ಕಡೆಗೆ ಹೋಗುವ ರೈಲು ಹಳಿ ಪಾಪಿನಾಯಕನಹಳ್ಳಿಯನ್ನು ದಾಟಿ ಸಾಗುತ್ತದೆ. ಅದಿರು ಹೊತ್ತ ಗೂಡ್ಸ್ ಗಾಡಿಗಳ ನಡುವೆ ಹಂಪಿ ಎಕ್ಸ್‌ಪ್ರೆಸ್ ಕೂಡ ಇದೇ ದಾರಿಯಲ್ಲಿ ಓಡುತ್ತದೆ. 2012ರ ಮೇ 22ರ ನಸುಕಿನಲ್ಲಿ ಈ ಗಾಡಿ ಆಂಧ್ರದ ಪೆನುಕೊಂಡ ನಿಲ್ದಾಣದಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಗುದ್ದಿತು. ಸುಮಾರು 25 ಮಂದಿ ಸತ್ತರು.

ಇಂಥ ದುರಂತದ ಮರುದಿನ "ಉನ್ನತ ಮಟ್ಟದ ತನಿಖೆ" ಎಂಬ ಪ್ರಕಟಣೆ ಬರುತ್ತದೆ. ತನಿಖೆ ಯಾವಾಗ ಮುಗಿಯುತ್ತದೆ ಎಂದು ಎಲ್ಲರೂ ಕೇಳುತ್ತೇವೆ. ತನಿಖೆ ಮಾಡುವವರು ಯಾರು, ಅವರಿಗೆ ಆ ವಿಷಯ ಗೊತ್ತೇ ಎಂದು ಕೇಳುವವರು ಕಡಿಮೆ. ಮುಂದಿನ ಅಪಘಾತ ತಪ್ಪುವುದೋ ಇಲ್ಲವೋ ಎಂಬುದು ಬಹಳ ಮಟ್ಟಿಗೆ ಈ ಪ್ರಶ್ನೆಯ ಮೇಲೆ ನಿಂತಿದೆ. ಇದರ ಸುತ್ತ ಇರುವ ಮೂರು ತಪ್ಪು ನಂಬಿಕೆಗಳನ್ನು ನೋಡೋಣ.

ನಂಬಿಕೆ 1: ತನಿಖೆ ಎಂದರೆ ತಪ್ಪಿತಸ್ಥನನ್ನು ಹಿಡಿಯುವುದು

ಅದು ಪೊಲೀಸರ ಮತ್ತು ನ್ಯಾಯಾಲಯದ ಕೆಲಸ. ಸುರಕ್ಷತಾ ತನಿಖೆಯ ಗುರಿ ಬೇರೆ: ಏನಾಯಿತು, ಏಕಾಯಿತು, ಮತ್ತೆ ಆಗದಂತೆ ಏನು ಮಾಡಬೇಕು. ಚಾಲಕ ಕೆಂಪು ಸಿಗ್ನಲ್ ದಾಟಿದ ಎಂದು ಬರೆದು ಕಡತ ಮುಚ್ಚುವುದು ಸುಲಭ. ಏಕೆ ದಾಟಿದ? ಎಷ್ಟು ಗಂಟೆ ನಿದ್ದೆ ಮಾಡಿದ್ದ? ಸಿಗ್ನಲ್ ದೂರದಿಂದ ಕಾಣುತ್ತಿತ್ತೇ? ಮನುಷ್ಯ ತಪ್ಪಿದಾಗ ಗಾಡಿಯನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆ ಇತ್ತೇ? ಇವನ್ನು ಕೇಳಲು ವಿಷಯ ಬಲ್ಲವರೇ ಬೇಕು.

2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ಬಿದ್ದು 158 ಮಂದಿ ಸತ್ತಾಗ, ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ಕಾಕ್‌ಪಿಟ್ ಧ್ವನಿಮುದ್ರಿಕೆಯಲ್ಲಿ ಕ್ಯಾಪ್ಟನ್‌ನ ಗೊರಕೆ ಕೇಳಿಸಿತ್ತು. ಗೊರಕೆ ಯಾರಿಗಾದರೂ ಕೇಳಿಸುತ್ತದೆ. ಆದರೆ ಗಾಢ ನಿದ್ದೆಯಿಂದ ಎದ್ದ ಮೇಲೂ ಕೆಲ ಹೊತ್ತು ಮಿದುಳು ಮಂಕಾಗಿರುತ್ತದೆ, ಆಗ ತೆಗೆದುಕೊಳ್ಳುವ ನಿರ್ಧಾರಗಳು ತಪ್ಪಬಹುದು ಎಂಬುದನ್ನು ಈ ಸದ್ದಿನ ಜೊತೆ ಜೋಡಿಸಲು ಆ ಶಾಸ್ತ್ರ ತಿಳಿದಿರಬೇಕು.

ನಂಬಿಕೆ 2: ಆ ಇಲಾಖೆಯವರೇ ತನಿಖೆ ಮಾಡಿದರೆ ಒಳ್ಳೆಯದು

ಅವರಿಗೆ ವಿಷಯ ಗೊತ್ತು, ನಿಜ. ಆದರೆ ನಿಯಮ ಬರೆದವರೇ ತನಿಖೆಗೆ ಕೂತರೆ ನಿಯಮದಲ್ಲೇ ದೋಷವಿದೆ ಎಂದು ಹೇಳುವುದು ಕಷ್ಟ. 1987ರಲ್ಲಿ 'ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್' ಹಡಗು ಮುಂಬಾಗಿಲು ಮುಚ್ಚದೆಯೇ ಹೊರಟು ಮಗುಚಿ 193 ಮಂದಿ ಸತ್ತರು. ಅದಾದ ಮೇಲೆ ಬ್ರಿಟನ್ 1989ರಲ್ಲಿ ಹಡಗು ಅಪಘಾತಗಳಿಗೆಂದೇ ಪ್ರತ್ಯೇಕ ತನಿಖಾ ಸಂಸ್ಥೆ ಕಟ್ಟಿತು.

ನಮ್ಮ ರೈಲ್ವೆಯಲ್ಲಿ ಈ ಎಚ್ಚರ ಮೊದಲೇ ಇತ್ತು. ರೈಲು ಅಪಘಾತಗಳನ್ನು ತನಿಖೆ ಮಾಡುವ ರೈಲ್ವೆ ಸುರಕ್ಷತಾ ಆಯೋಗ ಇರುವುದು ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ! 1941ರಲ್ಲೇ ಈ ಕೆಲಸವನ್ನು ರೈಲ್ವೆ ಮಂಡಳಿಯ ಹಿಡಿತದಿಂದ ಬಿಡಿಸಲಾಗಿತ್ತು. ಆಯುಕ್ತರು ಮಾತ್ರ ರೈಲ್ವೆ ಎಂಜಿನಿಯರುಗಳೇ. ತಿಳಿವಳಿಕೆ ಒಳಗಿನದು, ವರದಿ ಸಲ್ಲಿಸುವುದು ಹೊರಗೆ. ಪೂರ್ತಿ ಸ್ವತಂತ್ರ ಎನ್ನಲಾಗದಿದ್ದರೂ ಇದರ ಹಿಂದಿನ ತರ್ಕ ಸರಿ.

ನಂಬಿಕೆ 3: ದೊಡ್ಡ ಹೆಸರು, ಹೆಚ್ಚು ಸದಸ್ಯರು ಇದ್ದರೆ ಸಾಕು

ಕೆನಡಾದ ಅನುಭವ ಬೇರೆಯೇ ಹೇಳುತ್ತದೆ. 1985ರ ಡಿಸೆಂಬರ್ 12ರಂದು ಗ್ಯಾಂಡರ್‌ನಲ್ಲಿ ವಿಮಾನ ಬಿದ್ದು 256 ಮಂದಿ ಸತ್ತರು. ಅಲ್ಲಿನ ವಿಮಾನ ಸುರಕ್ಷತಾ ಮಂಡಳಿಯೇ ಎರಡಾಯಿತು: ರೆಕ್ಕೆಯ ಮೇಲಿನ ಹಿಮ ಕಾರಣವೆಂದು ಐವರು, ಅಲ್ಲವೆಂದು ನಾಲ್ವರು. ಸದಸ್ಯರ ಅರ್ಹತೆಯ ಬಗ್ಗೆಯೇ ಜಗಳವಾಗಿ, ಜನರ ನಂಬಿಕೆ ಕುಸಿದು, 1990ರಲ್ಲಿ ಆ ಮಂಡಳಿ ಹೋಗಿ ಹೊಸದು ಬಂತು. ಹೊಸ ಕಾಯ್ದೆಯ ಪ್ರಕಾರ ಮಂಡಳಿಯಲ್ಲಿ ಗರಿಷ್ಠ ಐವರು. ಎಲ್ಲರೂ ಸೇರಿ ವಿಮಾನ, ಹಡಗು, ರೈಲು, ಕೊಳವೆಮಾರ್ಗ ನಾಲ್ಕನ್ನೂ ಬಲ್ಲವರಾಗಿರಬೇಕು. ಒಬ್ಬರಿಗೇ ಎಲ್ಲ ಗೊತ್ತಿರಬೇಕಿಲ್ಲ, ಒಟ್ಟು ಮಂಡಳಿಗೆ ಗೊತ್ತಿದ್ದರೆ ಸಾಕು.

ನೀರಿನ ಮೇಲಿನ ಅಪಘಾತ

ನಮ್ಮ 1958ರ ಹಡಗು ಕಾಯ್ದೆ ಕೂಡ, ವಿಚಾರಣೆ ನಡೆಸುವ ನ್ಯಾಯಾಲಯದ ಜೊತೆ ಸಮುದ್ರಯಾನ ಬಲ್ಲ ಅಸೆಸರ್‌ಗಳು ಕೂರಬೇಕು ಎಂದಿತ್ತು. ಕಾರಣ ಸರಳ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಇಂಥ ಸುದ್ದಿ ಬಂದಾಗ ಸಾಮಾನ್ಯರು ಕೇಳುವುದು "ಎಷ್ಟು ಜನ ಹತ್ತಿದ್ದರು?" ಎಂದು. ದೋಣಿ ಬಲ್ಲವರು ಇನ್ನೂ ಕೇಳುತ್ತಾರೆ: ಜನ ಕೂತಿದ್ದರೋ ನಿಂತಿದ್ದರೋ? ಎಲ್ಲರೂ ನಿಂತರೆ ಭಾರದ ಕೇಂದ್ರ ಮೇಲೇರಿ ದೋಣಿ ಸುಲಭವಾಗಿ ಹೊರಳುತ್ತದೆ. ನೀರಿನಿಂದ ದೋಣಿಯ ಅಂಚು ಎಷ್ಟು ಎತ್ತರವಿತ್ತು? ಅಲೆ ಅಡ್ಡ ಬಡಿಯಿತೋ ಎದುರು ಬಂತೋ? ಲೈಫ್ ಜಾಕೆಟ್ ಹಾಕಿಕೊಂಡಿದ್ದರೇ? ಪ್ರತಿ ಉತ್ತರವೂ ಒಂದೊಂದು ಬೇರೆ ಪರಿಹಾರ ತೋರಿಸುತ್ತದೆ.

ನಮ್ಮ ಪಕ್ಕದ ಉದಾಹರಣೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಲಾಯಿತು. ಕೇಂದ್ರ ಜಲ ಆಯೋಗದ ಮಾಜಿ ಅಧ್ಯಕ್ಷ ಎ.ಕೆ. ಬಜಾಜ್ ನೇತೃತ್ವದ ಸಮಿತಿ ಪರಿಶೀಲಿಸಿ, ಒಂದನ್ನಲ್ಲ, 33 ಗೇಟುಗಳನ್ನೂ ಬದಲಿಸಬೇಕು ಎಂದಿತು. "ಸರಪಳಿ ತುಂಡಾಯಿತು" ಎಂದಷ್ಟೇ ಬರೆದಿದ್ದರೆ ಹೊಸ ಸರಪಳಿಯೊಂದಿಗೆ ಮಾತು ಮುಗಿಯುತ್ತಿತ್ತು.

ಹಾಗಾಗಿ ಮುಂದಿನ ಬಾರಿ ತನಿಖಾ ಸಮಿತಿಯ ಸುದ್ದಿ ಓದಿದಾಗ ನಾಲ್ಕು ಪ್ರಶ್ನೆ ಕೇಳಿ. ಸದಸ್ಯರಲ್ಲಿ ಆ ಕೆಲಸವನ್ನು ಕೈಯಾರೆ ಮಾಡಿದವರು ಇದ್ದಾರೆಯೇ? ಅಪಘಾತವಾದ ಸಂಸ್ಥೆಗೂ ಅವರಿಗೂ ಲಾಭದ ನಂಟಿಲ್ಲವೇ? ವರದಿ ಜನರ ಕೈಗೆ ಸಿಗುತ್ತದೆಯೇ? ಶಿಫಾರಸು ಜಾರಿಯಾಯಿತೇ ಎಂದು ನೋಡುವವರು ಯಾರು? ಸತ್ತವರನ್ನು ಯಾವ ವರದಿಯೂ ವಾಪಸು ತರುವುದಿಲ್ಲ. ನಾಳೆ ರಾತ್ರಿ ಅದೇ ಗಾಡಿ ಹತ್ತುವವರಿಗಾಗಿ ಈ ಪ್ರಶ್ನೆಗಳು ಬೇಕು.